ಸೀಮೆಸುಣ್ಣವನ್ನಷ್ಟೇ ಬೈಯಬೇಡಿ: ಮೇಷ್ಟ್ರ ಉಸಿರಿಗಾಗಿ ತರಗತಿ ಸರಿಪಡಿಸುವ ಬಗೆ

ಶಾಲೆಯಲ್ಲಿ ಕೆಮ್ಮು ಬಂದರೆ ಎಲ್ಲರ ಬೆರಳೂ ಮೊದಲು ತೋರಿಸುವುದು ಚಾಕ್‌ಪೀಸ್ ಕಡೆಗೆ. ಅದು ಪೂರ್ತಿ ನಿರಪರಾಧಿಯಲ್ಲ, ಆದರೆ ಬೋರ್ಡಿನಿಂದ ಉದುರುವ ಪುಡಿಯ ಹೆಚ್ಚು ಪಾಲು ದಪ್ಪ ಕಣಗಳು. ಅವು ಮೂಗು, ಗಂಟಲಲ್ಲೇ ಸಿಕ್ಕಿಕೊಂಡು ಕೆರೆತ, ಸೀನು ತರುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಸಣ್ಣ ಕಣಗಳು. ಅವು ಬರುವುದು ಪ್ರಾರ್ಥನೆಗೆ ಮುಂಚಿನ ಒಣ ಪೊರಕೆಯಿಂದ, ರಸ್ತೆಯಿಂದ, ಅಡುಗೆಮನೆಯ ಹೊಗೆಯಿಂದ, ಮಲೆನಾಡಿನಲ್ಲಾದರೆ ಗೋಡೆಯ ಬೂಷ್ಟಿನಿಂದ. ಸೀಮೆಸುಣ್ಣದ ಪುಡಿ ಕುಡಿದರೆ ಕ್ಷಯ ಬರುತ್ತದೆ ಎಂಬ ಮಾತು ಸ್ಟಾಫ್ ರೂಮುಗಳಲ್ಲಿ ಇನ್ನೂ ಓಡಾಡುತ್ತಿದೆ. ಕ್ಷಯ ಬರುವುದು ಬ್ಯಾಕ್ಟೀರಿಯಾದಿಂದ, ಪುಡಿಯಿಂದಲ್ಲ.

ಆದ್ದರಿಂದ ಮಾಸ್ಕ್ ಕೊಳ್ಳುವ ಮೊದಲು, ಬೋರ್ಡು ಬದಲಿಸುವ ಮೊದಲು, ನಿಮಗೆ ತೊಂದರೆ ಕೊಡುತ್ತಿರುವುದು ಯಾವುದು ಎಂದು ಪತ್ತೆ ಮಾಡಿಕೊಳ್ಳಿ.

ಹಂತ 1: ನಾಲ್ಕು ವಾರ ಲೆಕ್ಕ ಬರೆಯಿರಿ

ಬೇಕಾದ್ದು ಒಂದು ಪೀಕ್ ಫ್ಲೋ ಮೀಟರ್, ಒಂದು ನೋಟ್‌ಬುಕ್. ಮೀಟರ್ ಎಂದರೆ ಅಂಗೈ ಉದ್ದದ ಪ್ಲಾಸ್ಟಿಕ್ ಕೊಳವೆ, ಮೇಲೆ ಮುಳ್ಳು, ಪಕ್ಕದಲ್ಲಿ ಅಂಕಿ. ಔಷಧಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಉಸಿರನ್ನು ಎಷ್ಟು ಜೋರಾಗಿ ಹೊರಹಾಕಬಲ್ಲಿರಿ ಎಂಬುದನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುತ್ತದೆ.

ಮುಳ್ಳನ್ನು ಸೊನ್ನೆಗೆ ತನ್ನಿ. ನಿಂತುಕೊಳ್ಳಿ. ಎದೆ ತುಂಬ ಉಸಿರೆಳೆದು, ಕೊಳವೆಯ ಸುತ್ತ ತುಟಿ ಬಿಗಿಮಾಡಿ, ಒಂದೇ ಸಲ ರಭಸದಿಂದ ಊದಿ. ಉದ್ದಕ್ಕೆ ಊದುವುದು ಬೇಡ, ಮೊದಲ ಹೊಡೆತವೇ ಮುಖ್ಯ. ಮೂರು ಸಲ ಊದಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳಿ, ಸರಾಸರಿ ತೆಗೆಯಬೇಡಿ. ನಾಲಿಗೆ ಅಡ್ಡ ಬಂದರೆ, ಬೆರಳು ಮುಳ್ಳಿನ ಹಾದಿಗೆ ತಾಗಿದರೆ ಅಂಕಿ ಸುಮ್ಮನೆ ಕಡಿಮೆ ಬರುತ್ತದೆ. ಕೊಳವೆಯೊಳಗೆ ಉಗುಳಿದಂತೆ ಊದಿದರೆ ಸುಳ್ಳು ಹೆಚ್ಚಳ ಕಾಣುತ್ತದೆ.

ದಿನಕ್ಕೆ ಕನಿಷ್ಠ ನಾಲ್ಕು ಸಲ ಅಳೆಯಬೇಕು: ಎದ್ದ ತಕ್ಷಣ, ಮಧ್ಯಾಹ್ನದ ಊಟಕ್ಕೆ ಮುಂಚೆ, ಶಾಲೆ ಬಿಟ್ಟ ಮೇಲೆ, ಮಲಗುವ ಮೊದಲು. ಪಕ್ಕದಲ್ಲಿ ಆ ದಿನ ಏನಾಯಿತು ಎಂದು ಎರಡು ಪದ: ‘ಉಗ್ರಾಣ ಗುಡಿಸಿದ್ದು’, ‘ಮಳೆ’, ‘ಎಲೆ ಸುಟ್ಟರು’, ‘ಪಂಪ್ (ಇನ್‌ಹೇಲರ್) ಎರಡು ಸಲ’. ಮೀಟರ್ ಬದಲಿಸಬೇಡಿ. ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿದ್ದರೆ ಲೆಕ್ಕಕ್ಕಾಗಿ ಅದನ್ನು ನಿಲ್ಲಿಸಬೇಡಿ.

ನಾಲ್ಕು ವಾರದಲ್ಲಿ ಎರಡು ವಾರ ಶಾಲೆಯದು, ಎರಡು ವಾರ ರಜೆಯದು ಆಗಿದ್ದರೆ ಒಳ್ಳೆಯದು. ದಸರಾ ರಜೆ ಇದಕ್ಕೆ ಹೇಳಿ ಮಾಡಿಸಿದ ಸಮಯ. ಭಾನುವಾರ ಒಂದೇ ದಿನದ ಅಂಕಿ ನೋಡಿ ತೀರ್ಮಾನಿಸಬೇಡಿ. ಕೆರಳಿದ ಶ್ವಾಸನಾಳ ಸುಧಾರಿಸಿಕೊಳ್ಳಲು ಎರಡು ಮೂರು ದಿನಕ್ಕಿಂತ ಹೆಚ್ಚು ಬೇಕಾಗಬಹುದು. ಇನ್ನೊಂದು ಮೋಸವಿದೆ. ಅಲರ್ಜಿಯ ಪ್ರತಿಕ್ರಿಯೆ ಕೆಲವರಲ್ಲಿ ನಾಲ್ಕರಿಂದ ಎಂಟು ಗಂಟೆ ತಡವಾಗಿ ಬರುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಒಳಹೋದ ದೂಳು ಸಂಜೆ ಮನೆಯಲ್ಲಿ ಕೆಮ್ಮಿಸುತ್ತದೆ, ಬೈಗುಳ ಮಾತ್ರ ಸಂಜೆಯ ತಂಪಿಗೆ.

ಬೆಳಿಗ್ಗೆ 420, ಸಂಜೆ 330 ಬಂತು ಎಂದುಕೊಳ್ಳಿ. ವ್ಯತ್ಯಾಸ 90, ಅಂದರೆ 420ರ 21%. ಶಾಲೆಯ ದಿನಗಳಲ್ಲಿ ಹೀಗೆ 20% ದಾಟಿದ ಏರಿಳಿತ ಮತ್ತೆ ಮತ್ತೆ ಬಂದು, ರಜೆಯಲ್ಲಿ ಗೆರೆ ಸಮವಾದರೆ, ನೋಟ್‌ಬುಕ್ ಹಿಡಿದು ಎದೆರೋಗ ತಜ್ಞರ ಬಳಿ ಹೋಗಿ. ‘ಸ್ವಲ್ಪ ದಮ್ಮು ಸಾರ್’ ಎನ್ನುವುದಕ್ಕಿಂತ ಆ ನೋಟ್‌ಬುಕ್ ಹತ್ತು ಪಟ್ಟು ಹೆಚ್ಚು ಹೇಳುತ್ತದೆ.

ಹಂತ 2: ಪೊರಕೆಯ ಹೊತ್ತು ಬದಲಿಸಿ, ನೀರು ಹಾಕಿ

ಈ ಬರಹದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ನಮ್ಮ ಬಹುಪಾಲು ಶಾಲೆಗಳಲ್ಲಿ ಕಸ ಗುಡಿಸುವುದು ಬೆಳಿಗ್ಗೆ, ಗಂಟೆ ಹೊಡೆಯುವ ಹತ್ತು ನಿಮಿಷ ಮುಂಚೆ. ಹತ್ತು ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮಣ್ಣಿನ ಕಣ ನಿಶ್ಚಲ ಗಾಳಿಯಲ್ಲಿ ತಲೆ ಎತ್ತರದಿಂದ ನೆಲಕ್ಕೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಎರಡೂವರೆ ಮೈಕ್ರಾನಿನದು ಹೆಚ್ಚುಕಮ್ಮಿ ಒಂದು ಗಂಟೆ ತೇಲುತ್ತದೆ, ಫ್ಯಾನ್ ತಿರುಗುತ್ತಿದ್ದರೆ ಇಳಿಯುವ ಮಾತೇ ಇಲ್ಲ. ಮೊದಲ ಪೀರಿಯಡ್ಡಿನ ಮೇಷ್ಟ್ರು ನೇರ ಆ ಮೋಡದೊಳಗೆ ಹೋಗಿ, ದನಿ ಏರಿಸಿ, ಬಾಯಿಂದ ಉಸಿರೆಳೆಯುತ್ತಾ ಪಾಠ ಶುರುಮಾಡುತ್ತಾರೆ.

ಗುಡಿಸುವುದನ್ನು ಸಂಜೆ, ಮಕ್ಕಳು ಹೋದ ಮೇಲಿನ ಹೊತ್ತಿಗೆ ತಳ್ಳಿ. ಕ್ರಮ ಇದು:

1. ಫ್ಯಾನ್ ಆರಿಸಿ, ಕಿಟಕಿಗಳೆಲ್ಲ ತೆರೆಯಿರಿ.
2. ಇಪ್ಪತ್ತು ಅಡಿ ಚೌಕದ ಕೋಣೆಗೆ ಒಂದರಿಂದ ಒಂದೂವರೆ ಲೀಟರ್ ನೀರನ್ನು ಕೈಯಿಂದ ತೆಳ್ಳಗೆ ಚಿಮುಕಿಸಿ, ಐದು ನಿಮಿಷ ಬಿಡಿ. ಶಹಾಬಾದ್ ಅಥವಾ ಕಡಪ ಕಲ್ಲಿನ ನೆಲಕ್ಕೆ ಇನ್ನೂ ಕಡಿಮೆ ಸಾಕು, ಹೆಚ್ಚಾದರೆ ಕೆಸರಾಗಿ ಸಂದಿಗೆ ಸೇರಿ, ಒಣಗಿದ ಮೇಲೆ ಅದೇ ದೂಳಾಗಿ ಏಳುತ್ತದೆ.
3. ಪೊರಕೆಯನ್ನು ನೆಲಕ್ಕೆ ಒತ್ತಿ ಎಳೆಯಿರಿ. ಚಿಮ್ಮುವ ಗುಡಿಸುವಿಕೆ ಬೇಡ. ಕೋಣೆಯ ಒಳಗೆ ಹುಲ್ಲು ಪೊರಕೆ, ಕಡ್ಡಿ ಪೊರಕೆ ಅಂಗಳಕ್ಕೆ.
4. ಬೆಳಿಗ್ಗೆ ಬೇಕೇಬೇಕಿದ್ದರೆ ಹಿಂಡಿದ ಒದ್ದೆ ಬಟ್ಟೆಯಿಂದ ಮೇಜು, ಮೇಷ್ಟ್ರು ನಿಲ್ಲುವ ಜಾಗ ಒರೆಸಿ, ಅಷ್ಟೇ.

ನೀರಿಗೆ ತತ್ವಾರವಿರುವ ಕಡೆ ಮರದ ಹೊಟ್ಟು ಒಳ್ಳೆಯ ದಾರಿ. ಒಂದು ಕಿಲೋ ಹೊಟ್ಟಿಗೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅದನ್ನು ಗೋಡೆಯುದ್ದಕ್ಕೆ ಸಾಲಾಗಿ ಹಾಕಿ ಬಾಗಿಲವರೆಗೆ ತಳ್ಳಿಕೊಂಡು ಹೋದರೆ ದೂಳು ಅದಕ್ಕೇ ಅಂಟುತ್ತದೆ. ಉಳಿದದ್ದನ್ನು ನಾಳೆಗೆ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಒಣ ಹೊಟ್ಟಂತೂ ಬಳಸಲೇಬೇಡಿ, ಅದೇ ಅಲರ್ಜಿಯ ಮೂಲ.

ಎಷ್ಟು ಗುಡಿಸಿದರೂ ಮರುದಿನ ಅಷ್ಟೇ ದೂಳು ಬರುತ್ತಿದ್ದರೆ ನೆಲದ ಮೇಲೆ ಅಂಗೈ ಉಜ್ಜಿ ನೋಡಿ. ಬೂದುಬಣ್ಣದ ಪುಡಿ ಅಂಟಿದರೆ ಸಿಮೆಂಟ್ ನೆಲವೇ ಸವೆದು ಉದುರುತ್ತಿದೆ. ಅದರಲ್ಲಿ ಮರಳಿನ ಸಣ್ಣ ಪುಡಿಯೂ ಇರುವುದರಿಂದ ಇದು ಚಾಕ್‌ಪೀಸಿಗಿಂತ ಕೆಟ್ಟದ್ದು. ಬಿರುಕು ಮುಚ್ಚಿಸಿ, ಮೇಲ್ಪದರ ಹಾಕಿಸಿ. ಹೊಸ್ತಿಲ ಹೊರಗೆ ನೆನೆಸಿ ಹಿಂಡಿದ ಗೋಣಿಚೀಲ ಹಾಸಿ, ಚಪ್ಪಲಿ ಹೊರಗೆ ಬಿಡಿಸಿ. ಸಂಡೂರಿನ ಅದಿರು ಲಾರಿಯ ರಸ್ತೆಯ ಪಕ್ಕದ ಶಾಲೆಗಳಲ್ಲಿ ಆ ಗೋಣಿ ಮಧ್ಯಾಹ್ನದ ಹೊತ್ತಿಗೇ ಕೆಂಪಾಗುತ್ತದೆ, ಅಲ್ಲಿ ದಿನಕ್ಕೆ ಎರಡು ಸಲ ಒಗೆಯಬೇಕು.

ಹಂತ 3: ಬೋರ್ಡು, ಡಸ್ಟರ್, ಚಾಕ್‌ಪೀಸ್

ಡಸ್ಟರನ್ನು ಗೋಡೆಗೆ ಬಡಿದು ಕೊಡವುವುದು ಮಕ್ಕಳಿಗೆ ಹಬ್ಬ. ಅದನ್ನು ಮೊದಲು ನಿಲ್ಲಿಸಿ.

ಬದಲಿಗೆ ಎರಡು ಹತ್ತಿ ಬಟ್ಟೆ, ಒಂದು ಸಣ್ಣ ಬಕೆಟ್. ಮೊದಲ ಬಟ್ಟೆಯನ್ನು ನೀರಲ್ಲಿ ಅದ್ದಿ ತೊಟ್ಟಿಕ್ಕದಷ್ಟು ಹಿಂಡಿ. ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಒರೆಸಿ, ಪ್ರತಿ ಪಟ್ಟಿಯೂ ಹಿಂದಿನದರ ಮೇಲೆ ಎರಡು ಬೆರಳು ಹಾಯಲಿ. ಹಿಂದೆಯೇ ಒಣ ಬಟ್ಟೆಯಿಂದ ಒಂದು ಕೈ. ಎರಡು ನಿಮಿಷದಲ್ಲಿ ಬರೆಯಬಹುದು. ಒರೆಸಿದ ಮೇಲೆ ಬೋರ್ಡು ಬೆಳ್ಳಗೆ ಮಂಜುಮಂಜಾಯಿತೆಂದರೆ ತಪ್ಪು ಎರಡರಲ್ಲಿ ಒಂದು: ಬಟ್ಟೆಯಲ್ಲಿ ನೀರು ಹೆಚ್ಚಾಗಿದೆ, ಇಲ್ಲವೇ ಬಕೆಟ್ಟಿನ ನೀರು ಹಾಲಿನಂತಾಗಿದೆ. ಮೂರು ನಾಲ್ಕು ಸಲ ಒರೆಸಿದ ಮೇಲೆ ನೀರು ಬದಲಿಸಿ.

ಪಾಠದ ನಡುವೆ ಒಣ ಡಸ್ಟರ್ ಅನಿವಾರ್ಯವಾದರೆ ವೃತ್ತಾಕಾರದಲ್ಲಿ ಉಜ್ಜದೆ ಮೇಲಿಂದ ಕೆಳಗೆ ನಿಧಾನ ಎಳೆಯಿರಿ, ಆ ಹೊತ್ತು ಮಾತು ನಿಲ್ಲಿಸಿ. ಬೋರ್ಡಿನ ಕೆಳಗಿನ ತಟ್ಟೆಯಲ್ಲಿ ಒದ್ದೆ ಬಟ್ಟೆಯ ಪಟ್ಟಿ ಇಟ್ಟರೆ ಉದುರಿದ ಪುಡಿ ಅಲ್ಲೇ ಕೂರುತ್ತದೆ. ತಟ್ಟೆಯನ್ನು ಬಾಯಲ್ಲಿ ಊದಿ ಸ್ವಚ್ಛ ಮಾಡುವವರಿಗೆ ಹೇಳುವುದೇನೂ ಇಲ್ಲ.

ಚಾಕ್‌ಪೀಸ್ ಎರಡು ಜಾತಿ. ಜಿಪ್ಸಂನದು ಮೆತ್ತಗೆ, ಹಗುರ, ಪುಡಿ ಹೆಚ್ಚು. ‘ಡಸ್ಟ್‌ಲೆಸ್’ ಎಂದು ಮಾರುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಕಣ ಭಾರ, ಬೇಗ ಕೆಳಗೆ ಬೀಳುತ್ತದೆ. ದೂಳೇ ಇಲ್ಲ ಎಂದೇನಲ್ಲ. ಡಬ್ಬಿಯ ಮಾತು ನಂಬುವ ಬದಲು ಒಂದು ತುಂಡಿನ ಮೇಲೆ ನಿಂಬೆರಸ ಇಲ್ಲವೇ ವಿನೆಗರ್ ಎರಡು ಹನಿ ಬಿಡಿ. ನೊರೆಗುಳ್ಳೆ ಎದ್ದರೆ ಕಾರ್ಬೊನೇಟ್, ಸುಮ್ಮನೆ ಹೀರಿಕೊಂಡರೆ ಜಿಪ್ಸಂ. ಒಂದು ಎಚ್ಚರಿಕೆ: ಕೆಲವು ದೂಳುರಹಿತ ಚಾಕ್‌ಪೀಸ್‌ಗಳಲ್ಲಿ ಅಂಟಿಗಾಗಿ ಹಾಲಿನ ಪ್ರೋಟೀನ್ ಆದ ಕೇಸಿನ್ ಇರುತ್ತದೆ. ಹಾಲಿನ ಅಲರ್ಜಿ ಇರುವ ಮಗುವನ್ನು ಮೊದಲ ಬೆಂಚಿನಿಂದ ಹಿಂದೆ ಕೂರಿಸಿ. ಜಿಪ್ಸಂ ಚಾಕ್‌ಪೀಸೇ ಗತಿಯಾದರೆ ತುದಿಯನ್ನು ಒಂದು ಕ್ಷಣ ನೀರಿಗೆ ಮುಟ್ಟಿಸಿ ಬರೆಯಿರಿ. ಬರೆದಾಗ ಮಸುಕು, ಅರೆ ನಿಮಿಷದಲ್ಲಿ ಅಚ್ಚ ಬಿಳಿ.

ಬಣ್ಣ ಸವೆದ ಬೋರ್ಡಿನಲ್ಲಿ ಅಕ್ಷರ ಕಾಣಲೆಂದು ಒತ್ತಿ ಬರೆಯುತ್ತೇವೆ, ಪುಡಿ ದುಪ್ಪಟ್ಟು ಉದುರುತ್ತದೆ. ಬೇಸಿಗೆ ರಜೆಯಲ್ಲಿ 220 ನಂಬರಿನ ನೀರುಕಾಗದದಿಂದ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ) ಒದ್ದೆಯಾಗಿ ಉಜ್ಜಿ, ಒಣಗಿಸಿ, ಬೋರ್ಡ್ ಬಣ್ಣ ಎರಡು ಕೋಟ್ ಹಚ್ಚಿ, ಕೋಟಿನ ನಡುವೆ ಒಂದು ದಿನ ಬಿಡಿ. ಬರೆಯುವ ಮೊದಲು ಚಾಕ್‌ಪೀಸನ್ನು ಅಡ್ಡ ಮಲಗಿಸಿ ಇಡೀ ಬೋರ್ಡಿಗೆ ಬಳಿದು ಒರೆಸಿಬಿಡಿ. ಇದನ್ನು ಬಿಟ್ಟರೆ ಮೊದಲ ದಿನ ಬರೆದ ಅಕ್ಷರಗಳ ಗುರುತು ವರ್ಷವಿಡೀ ಉಳಿಯುತ್ತದೆ. ಹಳೆಯ ಟಾರ್ಚ್ ಸೆಲ್ ಒಡೆದು ಅದರ ಮಸಿಯನ್ನು ಸೊಪ್ಪಿನ ರಸದಲ್ಲಿ ಅರೆದು ಬೋರ್ಡಿಗೆ ಬಳಿಯುವ ರೂಢಿ ಹಳ್ಳಿ ಶಾಲೆಗಳಲ್ಲಿತ್ತು. ಆ ಮಸಿಯಲ್ಲಿರುವುದು ಇಂಗಾಲದ ಜೊತೆ ಮ್ಯಾಂಗನೀಸ್ ಡೈಆಕ್ಸೈಡ್. ಒಣಗಿದ ಮೇಲೆ ಉಸಿರಿಗೆ ಸೇರಬಾರದ ವಸ್ತು, ಮಕ್ಕಳ ಕೈಗಂತೂ ಕೊಡಬಾರದು.

ಬಿಳಿ ಬೋರ್ಡಿಗೆ ಬದಲಾದರೆ ಎಲ್ಲ ಮುಗಿಯಿತೆಂದಲ್ಲ, ಮಾರ್ಕರಿನ ದ್ರಾವಕದ ವಾಸನೆ ಕೆಲವರ ದಮ್ಮನ್ನು ಕೆರಳಿಸುತ್ತದೆ. ಆಲ್ಕೋಹಾಲ್ ಆಧಾರದ್ದು ತೆಗೆದುಕೊಳ್ಳಿ, ಕ್ಸೈಲೀನ್ ಇರುವುದನ್ನು ಬಿಡಿ.

ಹಂತ 4: ಗಾಳಿ ಓಡಾಡುತ್ತಿದೆಯೇ?

ಸೀಲಿಂಗ್ ಫ್ಯಾನ್ ಹೊಸ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ಕಲಕುತ್ತದೆ. ಲೆಕ್ಕ ಹಾಕೋಣ. ಕೋಣೆ 20 ಅಡಿ ಅಗಲ, 24 ಅಡಿ ಉದ್ದ, 10 ಅಡಿ ಎತ್ತರ: 4,800 ಘನ ಅಡಿ, ಸುಮಾರು 136 ಘನ ಮೀಟರ್. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಕಾಲದಲ್ಲಿ ಹೇಳಿದ್ದು ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ. 40 ಮಕ್ಕಳು, ಒಬ್ಬ ಶಿಕ್ಷಕರು ಎಂದರೆ ಗಂಟೆಗೆ ಸುಮಾರು 1,480 ಘನ ಮೀಟರ್. ಅಂದರೆ ಕೋಣೆಯ ಗಾಳಿ ಗಂಟೆಗೆ ಹತ್ತು ಹನ್ನೊಂದು ಸಲ ಬದಲಾಗಬೇಕು. ಎದುರುಬದುರು ಕಿಟಕಿ ತೆರೆದರೆ ಸಣ್ಣ ಗಾಳಿಗೂ ಇದು ಸಾಧ್ಯ, ಒಂದೇ ಬದಿಯ ಕಿಟಕಿಯಿಂದ ಕಷ್ಟ.

ಅಳೆಯಲು ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದನ್ನು ಕ್ಲಸ್ಟರಿನ ಶಾಲೆಗಳೆಲ್ಲ ಸೇರಿ ಕೊಂಡರೆ ಸಾಕು. ಇನ್‌ಫ್ರಾರೆಡ್ ಸೆನ್ಸರ್ ಇರುವುದನ್ನೇ ಕೊಳ್ಳಿ. ಅಗ್ಗದವು ಅಂದಾಜಿನ ಅಂಕಿ ತೋರಿಸುತ್ತವೆ, ಸ್ಯಾನಿಟೈಸರ್ ವಾಸನೆಗೂ ಜಿಗಿಯುತ್ತವೆ. ಬಯಲಲ್ಲಿ ಹಿಡಿದರೆ 420ರ ಆಸುಪಾಸು ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು) ಬರಬೇಕು. ಕೋಣೆಯಲ್ಲಿ ನಾಲ್ಕಡಿ ಎತ್ತರದಲ್ಲಿ, ಕಿಟಕಿಯಿಂದಲೂ ಜನರ ಬಾಯಿಂದಲೂ ಮೂರಡಿ ದೂರ ಇಟ್ಟು, ಪೀರಿಯಡ್ಡಿನ ಕೊನೆಯ ಹತ್ತು ನಿಮಿಷದಲ್ಲಿ ಓದಿ. 800ರೊಳಗೆ ಇದ್ದರೆ ಚೆನ್ನಾಗಿದೆ. 1,000 ದಾಟಿದರೆ ಇನ್ನೊಂದು ಕಿಟಕಿ ತೆರೆಯಿರಿ. 1,500 ದಾಟಿತೆಂದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆಯುತ್ತಿದ್ದೀರಿ, ಶೀತಜ್ವರ ತರಗತಿಯಿಡೀ ಸುತ್ತುವುದು ಹೀಗೆ. ಈ ಮೀಟರ್ ದೂಳನ್ನು ಅಳೆಯುವುದಿಲ್ಲ ಎಂಬುದು ನೆನಪಿರಲಿ.

ಮೀಟರ್ ಇಲ್ಲವೇ? ಮಕ್ಕಳಿಲ್ಲದಾಗ ಊದುಬತ್ತಿ ಹಚ್ಚಿ ಬಾಗಿಲಲ್ಲಿ, ಪ್ರತಿ ಕಿಟಕಿಯಲ್ಲಿ ಅರೆ ನಿಮಿಷ ಹಿಡಿಯಿರಿ. ಹೊಗೆ ಒಂದು ಕಡೆ ಒಳಗೆ, ಎದುರು ಕಡೆ ಹೊರಗೆ ಸಾಗಬೇಕು. ನೆಟ್ಟಗೆ ಮೇಲೆದ್ದು ನಿಂತರೆ ಗಾಳಿ ಸತ್ತಿದೆ. ಕಾರಣ ಹುಡುಕಿದರೆ ಹೆಚ್ಚಿನ ಸಲ ಸಿಗುವುದು ಇವೇ: ಕಿಟಕಿಗೆ ಅಡ್ಡ ಬೀರು, ಬಣ್ಣ ಬಳಿದಾಗ ಅಂಟಿಹೋದ ಕಿಟಕಿಯ ಕದ, ನೋಟಿಸ್ ಬೋರ್ಡಿನ ಹಿಂದೆ ಮುಚ್ಚಿದ ಗವಾಕ್ಷಿ.

ಎಕ್ಸಾಸ್ಟ್ ಫ್ಯಾನ್ ಹಾಕಿಸುವಾಗ ಎಲೆಕ್ಟ್ರಿಷಿಯನ್ ತನಗೆ ವೈರ್ ಹತ್ತಿರವಾಗುವ ಕಡೆ, ಅಂದರೆ ಬಾಗಿಲ ಪಕ್ಕದ ಕಿಟಕಿಯ ಮೇಲೆ ಕೂರಿಸುತ್ತಾನೆ. ಬಾಗಿಲಿಂದ ಬಂದ ಗಾಳಿ ಅಲ್ಲೇ ಹೊರಹೋಗುತ್ತದೆ, ಹಿಂದಿನ ಬೆಂಚಿಗೆ ತಲುಪುವುದೇ ಇಲ್ಲ. ಫ್ಯಾನ್ ಬಾಗಿಲಿನ ಎದುರು ಗೋಡೆಯಲ್ಲಿ, ಆದಷ್ಟು ಮೇಲಿರಬೇಕು, ಅದರ ಪಕ್ಕದ ಕಿಟಕಿ ಮುಚ್ಚಿರಬೇಕು. ರಸ್ತೆ ಬದಿಯ ಶಾಲೆಯಾದರೆ ರಸ್ತೆ ಕಡೆಯ ಕಿಟಕಿಯ ಕೆಳ ಕದ ಮುಚ್ಚಿ, ಮೈದಾನದ ಕಡೆಯ ಕಿಟಕಿ, ಗವಾಕ್ಷಿ ತೆರೆದಿಡಿ.

ಹಂತ 5: ತೇವ, ಬೂಷ್ಟು, ಬಾವಲಿ

ಬಯಲುಸೀಮೆಯವರು ಇದನ್ನು ಓದದೆ ಮುಂದೆ ಹೋಗಬಹುದು, ಕೊಡಗು, ಮಲೆನಾಡು, ಕರಾವಳಿಯವರಿಗೆ ಇದೇ ಮುಖ್ಯ. ಒಳಗಿನ ತೇವಾಂಶ ಬಹಳ ದಿನ 60% ಮೀರಿದ್ದರೆ ಬೂಷ್ಟು, ದೂಳಿನ ನುಸಿ ಎರಡೂ ಹೆಚ್ಚುತ್ತವೆ. ಒಡೆದ ಹೆಂಚು ಬದಲಿಸುವುದು, ಸೂರಿನ ನೀರು ಹರಿಯುವ ದೋಣಿಯ ಎಲೆಕಸ ತೆಗೆಯುವುದು ಮೇ ತಿಂಗಳಲ್ಲೇ ಮುಗಿಯಬೇಕು. ಬೀರುಗಳನ್ನು ಗೋಡೆಯಿಂದ ನಾಲ್ಕು ಇಂಚು ಈಚೆ ಎಳೆಯಿರಿ.

ಗೋಡೆಯ ಬೂಷ್ಟನ್ನು ಒಣ ಬ್ರಷ್‌ನಿಂದ ಕೆರೆದರೆ ಬೀಜಕಣ ಕೋಣೆಯಿಡೀ ಹರಡುತ್ತವೆ. ಸೋಪುನೀರಿನಲ್ಲಿ ಒದ್ದೆ ಮಾಡಿ ಒರೆಸಿ, ಬಟ್ಟೆ ಬಿಸಾಡಿ, ಗೋಡೆ ಒಣಗಿಸಿ. ಸೋರಿಕೆ ನಿಲ್ಲಿಸದೆ ಮೇಲೆ ಬಣ್ಣ ಹೊಡೆದರೆ ಒಂದೇ ಮಳೆಗಾಲಕ್ಕೆ ವಾಪಸ್. ಹಳೆಯ ಹಾಜರಿ ಪುಸ್ತಕ, ಉತ್ತರಪತ್ರಿಕೆಯ ಕಟ್ಟುಗಳನ್ನು ಬಿಸಿಲಲ್ಲಿ, ಹೊರಗಡೆ ಬಿಚ್ಚಿ. ಬೀರುವಿಗೆ ನುಸಿಗುಳಿಗೆ ಸುರಿಯುವುದು ಪರಿಹಾರವಲ್ಲ, ಅದರ ಆವಿಯೂ ಉಸಿರಿಗೆ ಉರಿ.

ಪಾರಿವಾಳ, ಬಾವಲಿಯ ಹಿಕ್ಕೆ ಬಿದ್ದ ಅಟ್ಟವನ್ನು ಒಣದಾಗಿ ಗುಡಿಸಬೇಡಿ. ಪಾರಿವಾಳದ ಹಿಕ್ಕೆ ಮತ್ತು ಗರಿಯ ದೂಳು ವರ್ಷಗಟ್ಟಲೆ ಉಸಿರಾಡಿದವರಲ್ಲಿ ಶ್ವಾಸಕೋಶವೇ ಗಟ್ಟಿಯಾಗುವ ಅಲರ್ಜಿ ರೋಗ ಬರಬಹುದು. ಚೆನ್ನಾಗಿ ನೆನೆಸಿ ತೆಗೆದು, ತೂತಿಗೆ ಜಾಲರಿ ಹಾಕಿ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟಿನ ಛಾವಣಿಯಿದ್ದರೆ ಅದನ್ನು ಕೊರೆಯುವುದು, ಉಜ್ಜುವುದು, ಒಡೆಯುವುದು ಬೇಡ. ಸುಮ್ಮನಿದ್ದಾಗ ಅಪಾಯ ಕಡಿಮೆ, ಮುರಿದಾಗ ನಾರು ಗಾಳಿಗೆ ಏಳುತ್ತದೆ.

ಹಂತ 6: ಕೋಣೆಯ ಹೊರಗಿನ ಹೊಗೆ

ಬಿಸಿಯೂಟದ ಸಾರಿಗೆ ಒಗ್ಗರಣೆ ಬಿದ್ದ ಗಳಿಗೆಯಲ್ಲಿ ಪಕ್ಕದ ತರಗತಿ ಕೆಮ್ಮುವುದು ಎಲ್ಲರಿಗೂ ಗೊತ್ತು. ಒಣಮೆಣಸಿನ ಖಾರದ ಅಂಶ ಶ್ವಾಸನಾಳದ ನರಗಳನ್ನೇ ನೇರವಾಗಿ ಚುಚ್ಚುತ್ತದೆ, ದಮ್ಮು ಇರುವವರಿಗೆ ಅಷ್ಟೇ ಸಾಕು. ಮೆಣಸಿನಕಾಯಿಯನ್ನು ಕಾದು ಹೊಗೆಯಾಡುವ ಎಣ್ಣೆಗೆ ಹಾಕದೆ, ಉರಿ ತಗ್ಗಿಸಿ ಹಾಕಲು ಅಡುಗೆಯವರಿಗೆ ಹೇಳಿ. ಅವರು ಆ ಹೊಗೆಯನ್ನು ನಿಮಗಿಂತ ಹತ್ತಿರದಿಂದ ಕುಡಿಯುತ್ತಿದ್ದಾರೆ. ಗ್ಯಾಸಿನ ಉರಿ ಹಳದಿಯಾಗಿದ್ದರೆ ಬರ್ನರ್ ತೊಳೆಸಿ.

ಶೌಚಾಲಯ ತೊಳೆಯುವಾಗ ಬ್ಲೀಚಿಂಗ್ ಪುಡಿಯನ್ನೂ ಆಸಿಡ್ಡನ್ನೂ ಒಟ್ಟಿಗೆ ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ. ‘ಎರಡೂ ಹಾಕಿದರೆ ಚೆನ್ನಾಗಿ ಬಿಳಿಯಾಗುತ್ತೆ’ ಎಂದು ಮಾಡುವವರಿದ್ದಾರೆ. ಒಂದೇ ಸಲದ ಘಾಟು ಆರೋಗ್ಯವಂತರಿಗೂ ತಿಂಗಳುಗಟ್ಟಲೆ ದಮ್ಮು ತರಬಹುದು. ಎರಡು ಡಬ್ಬಿಗಳನ್ನು ಬೇರೆ ಬೇರೆ ಕಡೆ ಇಡಿ.

ಕಾಂಗ್ರೆಸ್ ಗಿಡವನ್ನು ಬಿಳಿ ಹೂ ಬಿಡುವ ಮೊದಲೇ, ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಕೈಗವಸು ಹಾಕಿ ಬೇರುಸಹಿತ ಕೀಳಿಸಿ. ಒಣಗಿದ ಎಲೆ ಸುಡಬೇಡಿ, ಗುಂಡಿಗೆ ಹಾಕಿ. ಎನಾಮಲ್ ಬಣ್ಣದ ಕೆಲಸ ಶಾಲೆ ಶುರುವಾಗುವ ಎರಡು ವಾರ ಮುಂಚೆ ಮುಗಿಯಲಿ.

ದುಡ್ಡೆಲ್ಲಿ ಎಂಬ ಪ್ರಶ್ನೆಗೆ: ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನದಲ್ಲಿ ಕನಿಷ್ಠ 10% ಸ್ವಚ್ಛತೆಗೆಂದೇ ಮೀಸಲು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ‘ಆರೋಗ್ಯ ದೃಷ್ಟಿಯಿಂದ ಸ್ವಚ್ಛತಾ ಸಾಮಗ್ರಿ’ ಎಂದು ಗೊಣಗದೆ, ‘ಬಕೆಟ್ 6, ಹತ್ತಿ ಬಟ್ಟೆ 24, ಗೋಣಿ 12, ಬೋರ್ಡ್ ಬಣ್ಣ 2 ಲೀಟರ್’ ಎಂದು ಬರೆಸಿ.

ಹಂತ 7: ಮಾಸ್ಕ್, ಕೊನೆಗೆ

ಕರವಸ್ತ್ರ, ಸೆರಗು ಸಣ್ಣ ಕಣವನ್ನು ತಡೆಯುವುದಿಲ್ಲ. ಸರ್ಜಿಕಲ್ ಮಾಸ್ಕ್ ಪಕ್ಕದಿಂದ ಸೋರುತ್ತದೆ. ಎನ್‌95 ಅಥವಾ ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಮಾಸ್ಕ್ ಕೆಲಸ ಮಾಡುತ್ತದೆ, ಆದರೆ ಅದನ್ನು ಹಾಕಿಕೊಂಡು ಆರು ಪೀರಿಯಡ್ ಪಾಠ ಮಾಡಲಾಗದು. ಉಗ್ರಾಣ ತೆಗೆಯುವುದು, ಅಟ್ಟ ಸ್ವಚ್ಛಗೊಳಿಸುವುದು ಇಂಥ ಅರ್ಧ ಗಂಟೆಯ ಕೆಲಸಗಳಿಗೆ ಇಟ್ಟುಕೊಳ್ಳಿ. ಮೂಗಿನ ಪಟ್ಟಿ ಒತ್ತಿ, ಜೋರಾಗಿ ಉಸಿರು ಬಿಟ್ಟು ನೋಡಿ: ಕನ್ನಡಕ ಮಂಜಾದರೆ ಸೋರುತ್ತಿದೆ. ಗಡ್ಡವಿದ್ದರೆ ಸೋರಿಯೇ ಸೋರುತ್ತದೆ.

ಹಂತ 8: ವೈದ್ಯರು, ಪಂಪು

ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಕ್ಷಯವೆಂದಾದರೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಪೌಷ್ಟಿಕ ಆಹಾರಕ್ಕೆ ಸಿಗುತ್ತದೆ. ಮೂರು ವಾರ ದಾಟಿದ ಗೊಗ್ಗರು ದನಿಗೆ ಕಿವಿ-ಮೂಗು-ಗಂಟಲು ವೈದ್ಯರು. ದಮ್ಮಿಗೆ ಸ್ಪೈರೋಮೆಟ್ರಿ, ಅಂದರೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ ಮಾಡಿಸಿ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಮೈಸೂರಿನಲ್ಲಿ ಪಿಕೆಟಿಬಿ ಆಸ್ಪತ್ರೆ ಇದಕ್ಕೆಂದೇ ಇವೆ.

ಪಂಪ್ ಚಟವಾಗುತ್ತದೆ ಎಂಬುದು ಸುಳ್ಳು. ಆದರೆ ತಪ್ಪಾಗಿ ಎಳೆದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ. ಒತ್ತುವ ಪಂಪಾದರೆ: ಕುಲುಕಿ, ಉಸಿರು ಪೂರ್ತಿ ಬಿಟ್ಟು, ತುಟಿ ಮುಚ್ಚಿ, ನಿಧಾನವಾಗಿ ಎಳೆಯಲು ಶುರುಮಾಡಿದ ಕೂಡಲೇ ಒತ್ತಿ, ಎಳೆಯುತ್ತಲೇ ಹೋಗಿ, ಹತ್ತರವರೆಗೆ ಎಣಿಸುತ್ತಾ ಉಸಿರು ಹಿಡಿಯಿರಿ. ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಡಬ್ಬಿ) ಜೋಡಿಸಿದರೆ ಇದು ಸಲೀಸು. ಕ್ಯಾಪ್ಸೂಲ್ ಹಾಕುವ ಪುಡಿಯ ಪಂಪಿಗೆ ತದ್ವಿರುದ್ಧ: ಜೋರಾಗಿ, ಆಳವಾಗಿ ಎಳೆಯಬೇಕು. ಅದರೊಳಗೆ ಊದಬಾರದು. ಸ್ಟೀರಾಯ್ಡ್ ಪಂಪಿನ ನಂತರ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟಬಹುದು.

ನಿಮ್ಮ ಅತಿ ಒಳ್ಳೆಯ ಪೀಕ್ ಫ್ಲೋ 420 ಆದರೆ 336ರ (ಅಂದರೆ 80%) ಮೇಲೆ ಹಸಿರು. 210ರಿಂದ 336 ಹಳದಿ, ವೈದ್ಯರು ಬರೆದುಕೊಟ್ಟ ಹೆಚ್ಚುವರಿ ಔಷಧಿ ಶುರುಮಾಡಬೇಕು. 210ರ (ಅಂದರೆ 50%) ಕೆಳಗೆ ಕೆಂಪು, ತುರ್ತು ಸ್ಥಿತಿ. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ ಮೀಟರ್ ಹುಡುಕುತ್ತಾ ಕೂರಬೇಡಿ. ದಮ್ಮು ಬಂದವರನ್ನು ನೆಟ್ಟಗೆ ಕೂರಿಸಿ, ಅವರದೇ ಸಾಲ್ಬುಟಮಾಲ್ (ಶ್ವಾಸನಾಳವನ್ನು ಬೇಗ ತೆರೆಯುವ ಔಷಧಿ) ಪಂಪನ್ನು ಸ್ಪೇಸರಿಗೆ ಜೋಡಿಸಿ ಒಂದು ಸಲ ಒತ್ತಿ, ನಾಲ್ಕು ಉಸಿರು. ಹೀಗೆ ನಾಲ್ಕು ಸಲ. 108ಕ್ಕೆ ಇನ್ನೊಬ್ಬರು ಕರೆ ಮಾಡಲಿ. ನಾಲ್ಕು ನಿಮಿಷ ಕಾದು ಸುಧಾರಿಸದಿದ್ದರೆ ಮತ್ತೆ ನಾಲ್ಕು, ಆಂಬುಲೆನ್ಸ್ ಬರುವವರೆಗೂ ಇದೇ.

ಆ ಪಂಪು ಮೇಜಿನ ಡ್ರಾಯರಿನಲ್ಲಿರಲಿ, ಅದು ಎಲ್ಲಿದೆ ಎಂದು ಪಕ್ಕದ ತರಗತಿಯ ಟೀಚರಿಗೆ ಗೊತ್ತಿರಲಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದರೆ, ಬೀಗದ ಕೈ ಇರುವ ಹೆಡ್‌ಮಾಸ್ಟರು ಆ ದಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೀಟಿಂಗಿಗೆ ಹೋಗಿರುತ್ತಾರೆ.